ಗಣಿಯ ಮಕ್ಕಳಿಗೆ ಗಾಲಿ ಗಾಡಿ ಕೊಟ್ಟಿದ್ದರೆ ಸಾಕಿತ್ತಾ?

ತಳ್ಳುಗಾಡಿ:
ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ದುಡಿದ ಮಕ್ಕಳ ಬಗ್ಗೆ 1842ರಲ್ಲಿ ಅಲ್ಲಿನ ಸರ್ಕಾರಿ ಆಯೋಗವೊಂದು ವರದಿ ಕೊಟ್ಟಿತು. ಅದನ್ನು ಓದುತ್ತಿದ್ದೇನೆ. ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ, ಇಲ್ಲಿ ಗಣಿ ಕೆಲಸ ಗೊತ್ತಿರುವವರೂ ಇತಿಹಾಸ ಓದಿದವರೂ ಇದ್ದೀರಿ, ದಯವಿಟ್ಟು ಹೇಳಿ.

ಸ್ಕಾಟ್ಲೆಂಡಿನ ಪೂರ್ವ ಭಾಗದಲ್ಲಿ ಹೆಂಗಸರು, ಹುಡುಗಿಯರು ಕಲ್ಲಿದ್ದಲನ್ನು ಬೆನ್ನ ಮೇಲೆ ಹೊರುತ್ತಿದ್ದರು. ಮಾರ್ಗರೆಟ್ ಲೆವಸ್ಟನ್ ಅಂತ ಒಂದು ಮಗು, ವಯಸ್ಸು ಆರು. ಕೆಲಸಕ್ಕೆ ಬಂದು ಆರು ವಾರ ಆಗಿತ್ತಂತೆ. ಒಂದು ಸಲಕ್ಕೆ 56 ಪೌಂಡ್, ಅಂದರೆ ಸುಮಾರು 25 ಕೆಜಿ. ದಿನಕ್ಕೆ 10ರಿಂದ 14 ಸಲ. ಜಾನೆಟ್ ಕಮಿಂಗ್ ಅನ್ನೋ 11 ವರ್ಷದ ಹುಡುಗಿ ಹೊರುತ್ತಿದ್ದದ್ದು ಹೆಚ್ಚುಕಡಿಮೆ 50 ಕೆಜಿ, ಕೆಲವು ದಾರಿಗಳಲ್ಲಿ ಮೀನಖಂಡ ಮುಳುಗುವಷ್ಟು ನೀರಿನಲ್ಲಿ ನಡೆದುಕೊಂಡು.

ಇದು ಗಾಲಿ ಗೊತ್ತಿಲ್ಲದ ಕಾಲ ಅಲ್ಲ. 1830ರಲ್ಲೇ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್‌ಗೆ ಉಗಿಬಂಡಿ ಓಡಿತ್ತು. ನೆಲದ ಮೇಲೆ ರೈಲು, ನೆಲದ ಕೆಳಗೆ ಆರು ವರ್ಷದ ಮಗುವಿನ ಬೆನ್ನು. ಒಂದು ಸಣ್ಣ ತಳ್ಳುಗಾಡಿ, ಎರಡು ಹಲಗೆ ಹಾಕಿದ ದಾರಿ, ಇಷ್ಟಿದ್ದರೆ ಆ ಮಕ್ಕಳ ಕಷ್ಟ ಅರ್ಧ ಇಳಿಯುತ್ತಿರಲಿಲ್ವಾ? ಯಾಕೆ ಯಾರಿಗೂ ಹೊಳೆಯಲಿಲ್ಲ?

ಧಾರವಾಡ ಮಾಸ್ತರ:
ಹೊಳೆದಿತ್ತು. ಬಹಳ ಹಿಂದೆಯೇ ಹೊಳೆದಿತ್ತು. ಜರ್ಮನಿಯ ಅಗ್ರಿಕೋಲಾ ಗಣಿಗಾರಿಕೆಯ ಬಗ್ಗೆ ಬರೆದ ಪುಸ್ತಕ 1556ರಲ್ಲಿ ಅಚ್ಚಾಯಿತು. ಅದರ ಚಿತ್ರಗಳಲ್ಲಿ ಒಂಟಿ ಗಾಲಿಯ ತಳ್ಳುಗಾಡಿ ಇದೆ. ನಾಲ್ಕು ಗಾಲಿಯ ಪೆಟ್ಟಿಗೆಯೂ ಇದೆ, ಅಡಿಯಲ್ಲಿ ಒಂದು ಕಬ್ಬಿಣದ ಮೊಳೆ, ಆ ಮೊಳೆ ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ಓಡುತ್ತದೆ, ಹಾಗಾಗಿ ಗಾಡಿ ದಾರಿ ಬಿಟ್ಟು ಹೋಗುವುದಿಲ್ಲ. ಮಾರ್ಗರೆಟ್ ಹುಟ್ಟುವುದಕ್ಕೆ ಸುಮಾರು 280 ವರ್ಷ ಮೊದಲು.

ಇಂಗ್ಲೆಂಡಿನಲ್ಲೂ ಶೆಫೀಲ್ಡ್‌ನ ಜಾನ್ ಕರ್ 1780ರ ದಶಕದಲ್ಲಿ ಗಣಿಯ ಒಳಗೆ ಎಲ್ ಆಕಾರದ ಎರಕದ ಕಬ್ಬಿಣದ ಹಳಿ ಹಾಕಿ, ಅದರ ಮೇಲೆ ಗಾಲಿಯ ಪೆಟ್ಟಿಗೆ ಓಡಿಸಿದ. 1797ರಲ್ಲಿ ಪುಸ್ತಕವನ್ನೂ ಬರೆದ. ಆದ್ದರಿಂದ ಉಪಾಯ ಗೊತ್ತಿರಲಿಲ್ಲ ಅನ್ನೋದು ಸರಿಯಲ್ಲ. ಉಪಾಯ ಅಚ್ಚಾಗಿ ಮಾರಾಟಕ್ಕಿತ್ತು. ಅದನ್ನು ಯಾವ ಗಣಿ ತಗೊಂಡಿತು, ಯಾವುದು ತಗೊಳ್ಳಲಿಲ್ಲ, ಯಾಕೆ, ಅದನ್ನು ಕೇಳಬೇಕು.

ಯಾರ್ಕ್‌ಷೈರ್ ಕನ್ನಡತಿ:
ನಾನಿರುವುದು ಈ ಗಣಿಗಳ ಮಧ್ಯೆಯೇ, ಈಗ ಎಲ್ಲವೂ ಮುಚ್ಚಿವೆ. ವೇಕ್‌ಫೀಲ್ಡ್ ಹತ್ತಿರ ಹಳೆಯ ಗಣಿಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ, ಒಳಗೆ ಇಳಿಸಿ ತೋರಿಸುತ್ತಾರೆ. ಬಂದರೆ ತಪ್ಪದೆ ಹೋಗಿ.

ತಳ್ಳುಗಾಡಿ, ಆ ವರದಿಯ ಒಂದು ಚಿತ್ರ ನೀವು ನೋಡೇ ಇರುತ್ತೀರಿ. ಶಾಲೆಯ ಪುಸ್ತಕಗಳಲ್ಲೂ ಬರುತ್ತದೆ. ಒಂದು ಮಗು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಕಾಲುಗಳ ಮಧ್ಯೆ ಸರಪಳಿ ಹಾಯಿಸಿಕೊಂಡು, ನಾಲ್ಕು ಕಾಲಿನಲ್ಲಿ ತೆವಳುತ್ತಾ ಪೆಟ್ಟಿಗೆ ಎಳೆಯುತ್ತಿದೆ. ಹಿಂದೆ ಎರಡು ಮಕ್ಕಳು ತಲೆಕೊಟ್ಟು ನೂಕುತ್ತಿವೆ. ಈಗ ಆ ಪೆಟ್ಟಿಗೆಯ ಅಡಿ ನೋಡಿ. ಗಾಲಿ ಇದೆ.

ಅಂದರೆ ನಾವು ಅತಿ ಕ್ರೂರ ಅಂತ ನೆನಪಿಟ್ಟುಕೊಂಡಿರುವ ಚಿತ್ರವೇ ಗಾಲಿ ಬಂದ ನಂತರದ ಚಿತ್ರ.

ಹ್ಯಾಲಿಫ್ಯಾಕ್ಸ್‌ನ ಪೇಷನ್ಸ್ ಕರ್ಶಾ ಅನ್ನೋ 17 ವರ್ಷದ ಹುಡುಗಿಯ ಹೇಳಿಕೆಯೂ ಆ ವರದಿಯಲ್ಲಿದೆ. ಸುಮಾರು 150 ಕೆಜಿಯ ಪೆಟ್ಟಿಗೆ, ಒಂದು ಮೈಲಿಗೂ ಮಿಕ್ಕಿದ ದಾರಿ, ದಿನಕ್ಕೆ 11 ಸಲ. ತಲೆಯಿಂದ ನೂಕಿ ನೂಕಿ ಅವಳ ನೆತ್ತಿಯ ಕೂದಲು ಉದುರಿ ಬೋಳಾಗಿತ್ತು. ನನಗೆ ಆ ಹೇಳಿಕೆ ಓದಿದಾಗೆಲ್ಲ ಕೈ ನೆತ್ತಿಗೆ ಹೋಗುತ್ತದೆ.

ಗಣಿಯವ:
ರಾಯಚೂರು ಕಡೆ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿ ನಿವೃತ್ತನಾದವನು ನಾನು. ಟಬ್, ಅಂದರೆ ಗಣಿಯ ಗಾಲಿ ಪೆಟ್ಟಿಗೆ, ಅದನ್ನು ತಳ್ಳುವವರ ಜೊತೆ ವಯಸ್ಸು ಕಳೆದಿದ್ದೇನೆ. ಲೆಕ್ಕ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

150 ಕೆಜಿ ಕಲ್ಲಿದ್ದಲನ್ನು ಗಾಲಿಯಿಲ್ಲದ ಪೆಟ್ಟಿಗೆಯಲ್ಲಿ ಹಾಕಿ ಒರಟು ನೆಲದ ಮೇಲೆ ಎಳೆದರೆ, ತಿಕ್ಕಾಟಕ್ಕೇ ಭಾರದ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧದಷ್ಟು ಬಲ ಹೋಗುತ್ತದೆ. 50ರಿಂದ 70 ಕೆಜಿ ಎತ್ತುವಷ್ಟು ಎಳೆತ ಅಂತ ಇಟ್ಟುಕೊಳ್ಳಿ. ಎಂಟು ವರ್ಷದ ಮಗುವಿನ ಮೈತೂಕವೇ 25 ಕೆಜಿ ಇರಬಹುದು. ಅದರ ಪಾದ ಒದ್ದೆ ನೆಲದಲ್ಲಿ ಜಾರುತ್ತದೆ. ಅದಕ್ಕೇ ಸರಪಳಿ, ಅದಕ್ಕೇ ಹಿಂದೆ ನೂಕಲು ಇನ್ನೊಂದು ಮಗು.

ಅದೇ ಪೆಟ್ಟಿಗೆಗೆ ಗಾಲಿ ಹಾಕಿ ಕಬ್ಬಿಣದ ಹಳಿಯ ಮೇಲೆ ಇಟ್ಟರೆ, ಸಮತಟ್ಟು ದಾರಿಯಲ್ಲಿ 5 ಕೆಜಿಯ ಆಸುಪಾಸಿನ ತಳ್ಳುವಿಕೆ ಸಾಕು. ಹತ್ತು ಪಟ್ಟಿಗೂ ಜಾಸ್ತಿ ಹಗುರ. ಇಲ್ಲಿಯವರೆಗೆ ತಳ್ಳುಗಾಡಿಯವರು ಹೇಳಿದ್ದು ಪೂರ್ತಿ ನಿಜ.

ಆದರೆ ಆ ಹಗುರ ಸಿಗಬೇಕಾದರೆ ಮೂರು ಸಂಗತಿ ಕೂಡಿಬರಬೇಕು. ಮೊದಲನೆಯದು ಹಳಿ. ಬರೀ ಗಾಲಿ ಇದ್ದು ನೆಲ ಕೆಸರು, ಇದ್ದಲು ಚೂರು ಆಗಿದ್ದರೆ ಸಣ್ಣ ಗಾಲಿ ಹೂತುಕೊಳ್ಳುತ್ತದೆ, ಜಾರುವ ಪೆಟ್ಟಿಗೆಯೇ ವಾಸಿ ಅನ್ನಿಸುತ್ತದೆ. ಎರಡನೆಯದು ಅಚ್ಚು. ಆಗ ಬಾಲ್ ಬೇರಿಂಗ್ ಇರಲಿಲ್ಲ, ಕಬ್ಬಿಣದ ಅಚ್ಚು ಕಬ್ಬಿಣದ ತೂತಿನಲ್ಲಿ ತಿರುಗಬೇಕು, ಅದಕ್ಕೆ ದಿನಾ ಕೀಲೆಣ್ಣೆ ಬೇಕು. ಇದ್ದಲು ಪುಡಿ, ನೀರು ಸೇರಿದರೆ ಗಾಲಿ ಇದ್ದೂ ಇಲ್ಲದ ಹಾಗೆ. ಮೂರನೆಯದು ಏರು. ಹತ್ತು ಅಡಿಗೆ ಒಂದು ಅಡಿ ಏರಿದರೆ 150 ಕೆಜಿ ಪೆಟ್ಟಿಗೆಗೆ 15 ಕೆಜಿ ಬಲ ಜಾಸ್ತಿ ಬೇಕು, ಅದನ್ನು ಯಾವ ಗಾಲಿಯೂ ಕಮ್ಮಿ ಮಾಡುವುದಿಲ್ಲ. ಇಳಿಜಾರಿನಲ್ಲಿ ಇನ್ನೊಂದು ಕಷ್ಟ. ಜಾರುವ ಪೆಟ್ಟಿಗೆ ತಾನೇ ನಿಲ್ಲುತ್ತದೆ, ಗಾಲಿಯ ಪೆಟ್ಟಿಗೆ ನಿಲ್ಲುವುದಿಲ್ಲ. ಮುಂದೆ ಮಗು ಇದ್ದರೆ ಅದರ ಮೇಲೇ ಬರುತ್ತದೆ. ಬ್ರೇಕ್ ಇಲ್ಲದ ಟಬ್ ಓಡಿಬಂದರೆ ದೊಡ್ಡ ಗಂಡಸೂ ತಡೆಯಲಾರ.

ಆಮೇಲೆ ದಾರಿಯ ಎತ್ತರ. ಕೆಲವು ಕಡೆ ಇದ್ದಲಿನ ಪದರ ಎರಡು ಅಡಿಗಿಂತಲೂ ತೆಳ್ಳಗೆ ಇತ್ತು. ಪೆಟ್ಟಿಗೆ, ಅದರ ಅಡಿ ಗಾಲಿ, ಗಾಲಿಯ ಅಡಿ ಹಳಿ, ಇಷ್ಟೂ ಹೋಗಬೇಕಾದರೆ ಮೇಲಿನ ಕಲ್ಲು ಒಡೆಯಬೇಕು ಇಲ್ಲಾ ನೆಲ ಅಗೆಯಬೇಕು. ಆ ಕಲ್ಲನ್ನು ಯಾರೂ ಕೊಳ್ಳುವುದಿಲ್ಲ. ಬರೀ ಖರ್ಚು.

ಲೆಕ್ಕಪತ್ರ:
ಗಣಿಯವ ಸರ್, ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ ಅನ್ನಿಸುತ್ತದೆ. ನಾನು ಅದನ್ನು ಇನ್ನೊಂದು ಕಡೆಯಿಂದ ನೋಡುತ್ತೇನೆ. ಹಳಿಗೆ ಖರ್ಚು ಇದ್ದರೂ ಕೆಲಸ ಬೇಗ ಆಗುತ್ತದೆ, ಇದ್ದಲು ಜಾಸ್ತಿ ಹೊರಗೆ ಬರುತ್ತದೆ. ಲಾಭ ಮಾಲೀಕನಿಗೇ. ಹಾಗಿದ್ದರೆ ನಾಲ್ಕು ವರ್ಷ ಆಚೀಚೆ, ಎಲ್ಲಾ ಗಣಿಗೂ ಗಾಲಿ ತಾನಾಗಿಯೇ ಬರುತ್ತಿತ್ತು. ಕಾನೂನು ಬರದಿದ್ದರೂ ಮಕ್ಕಳ ಕಷ್ಟ ತೀರುತ್ತಿತ್ತು. ಯಂತ್ರ ಬಂದ ಕಡೆಯಲ್ಲೆಲ್ಲ ಹಾಗೇ ಆಗಿದೆ ಅಲ್ವಾ?

ಧಾರವಾಡ ಮಾಸ್ತರ:
ಇಲ್ಲ ಸರ್, ನಾನು ಒಪ್ಪುವುದಿಲ್ಲ. ಖರ್ಚು ಯಾರ ಜೇಬಿನದು ನೋಡಿ. ಯಾರ್ಕ್‌ಷೈರಿನ ಬಹಳ ಗಣಿಗಳಲ್ಲಿ ಪೆಟ್ಟಿಗೆ ಎಳೆಯುವ ಮಗುವಿಗೆ ಸಂಬಳ ಕೊಡುತ್ತಿದ್ದವನು ಮಾಲೀಕನಲ್ಲ, ಇದ್ದಲು ಕಡಿಯುವ ಕೂಲಿಯವನು. ಅವನಿಗೆ ಇಷ್ಟು ಪೆಟ್ಟಿಗೆಗೆ ಇಷ್ಟು ಅಂತ ಲೆಕ್ಕ, ಅದರಲ್ಲೇ ಅವನು ಎಳೆಯುವವರನ್ನು ಇಟ್ಟುಕೊಳ್ಳಬೇಕು. ಹಾಗಾಗಿ ತನ್ನ ಮಗನನ್ನೋ ಮಗಳನ್ನೋ ತಮ್ಮನನ್ನೋ ಕರೆದುಕೊಂಡು ಹೋಗುತ್ತಿದ್ದ. ಹಳಿ ಹಾಕಬೇಕಾದವನು, ದಾರಿ ಎತ್ತರಿಸಬೇಕಾದವನು ಮಾಲೀಕ. ಮಗುವಿನ ಬೆನ್ನು ಮುರಿದರೆ ಮಾಲೀಕನ ಖಾತೆಯಲ್ಲಿ ಒಂದು ಕಾಸೂ ಏರುಪೇರಾಗುವುದಿಲ್ಲ. ಇದ್ದಲು ಹೇಗೂ ಬಾವಿಯ ಬುಡಕ್ಕೆ ಬರುತ್ತಿದೆ. ಅವನು ಯಾಕೆ ಹಳಿ ಹಾಕುತ್ತಾನೆ?

ಸ್ಕಾಟ್ಲೆಂಡಿನದು ಇದಕ್ಕಿಂತ ಕೆಟ್ಟದ್ದು. 1606ರ ಒಂದು ಕಾನೂನಿನಿಂದ ಅಲ್ಲಿ ಗಣಿ ಕೆಲಸಗಾರರನ್ನು ಗಣಿಗೇ ಕಟ್ಟಿಹಾಕಿದ್ದರು. ಮಾಲೀಕನ ಅನುಮತಿ ಇಲ್ಲದೆ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ. 1775ರ ಮತ್ತು 1799ರ ಕಾಯ್ದೆಗಳಲ್ಲಿ ಅದು ಹೋಯಿತು. ಆದರೆ ಹೆಂಡತಿ ಮಕ್ಕಳು ಬುಟ್ಟಿ ಹೊರುವ ರೂಢಿ ಹೋಗಲಿಲ್ಲ. 1808ರಲ್ಲಿ ರಾಬರ್ಟ್ ಬಾಲ್ಡ್ ಅನ್ನೋ ಗಣಿ ಎಂಜಿನಿಯರ್ ಒಬ್ಬ ಹೆಂಗಸಿನ ದಿನದ ಕೆಲಸ ಬರೆದಿಟ್ಟಿದ್ದಾನೆ. 170 ಪೌಂಡ್, ಅಂದರೆ 77 ಕೆಜಿ ಹೊತ್ತು ಗಣಿಯೊಳಗೆ 150 ಗಜ ನಡೆಯಬೇಕು, ಮೆಟ್ಟಿಲು ಹತ್ತಿ 117 ಅಡಿ ಮೇಲೆ ಬರಬೇಕು, ಹೊರಗೆ ಇನ್ನೂ 20 ಗಜ. ಹೀಗೆ ದಿನಕ್ಕೆ 24 ಸಲ. ಕೂಡಿಸಿದರೆ ಒಬ್ಬ ಹೆಂಗಸು ಒಂದು ದಿನದಲ್ಲಿ 1,850 ಕೆಜಿ. ಇದನ್ನು ನಿಲ್ಲಿಸಿ ಅಂತ 1808ರಲ್ಲೇ ಬರೆದ. 1842ರಲ್ಲೂ ಹೊರುತ್ತಿದ್ದರು. ತಾನಾಗಿಯೇ ಬರುತ್ತದೆ ಅಂತ ಕಾಯಲು 34 ವರ್ಷ ಸಾಲದಾ?

ಲೆಕ್ಕಪತ್ರ:
ಸ್ಕಾಟ್ಲೆಂಡಿನ ಮಾತು ಒಪ್ಪುತ್ತೇನೆ ಮಾಸ್ತರೇ, ಕಟ್ಟಿಹಾಕಿದ ಜನ ಇರುವಲ್ಲಿ ಯಾವ ಲೆಕ್ಕವೂ ಸರಿ ನಡೆಯುವುದಿಲ್ಲ. ಆದರೆ ಶೆಫೀಲ್ಡ್‌ನಲ್ಲಿ, ನ್ಯೂಕಾಸಲ್ ಕಡೆ ಹಳಿ ಬಂತಲ್ಲ? ಅಲ್ಲಿನ ಮಕ್ಕಳಿಗೆ ಅನುಕೂಲ ಆಗಲೇ ಇಲ್ವಾ?

ಗಣಿಯವ:
ಆಯಿತು, ಸ್ವಲ್ಪ ದಿನ. ಒಂದು ಪೆಟ್ಟಿಗೆ ತಳ್ಳುವುದು ಹಗುರ ಆದ ಕೂಡಲೇ ಪೆಟ್ಟಿಗೆ ದೊಡ್ಡದಾಗುತ್ತದೆ, ಓಡಾಟ ಜಾಸ್ತಿ ಆಗುತ್ತದೆ. ಮೊದಲು ಇಬ್ಬರು ಎಳೆಯುತ್ತಿದ್ದದ್ದನ್ನು ಈಗ ಒಬ್ಬನೇ ತಳ್ಳು ಅನ್ನುತ್ತಾರೆ. ಜೊತೆಗೆ ಇನ್ನೊಂದು ಸಂಗತಿ, ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಜಾರುವ ಪೆಟ್ಟಿಗೆ ಎಳೆಯಲು ಬಲವಾದ ಹುಡುಗ ಬೇಕಿತ್ತು. ಹಳಿಯ ಮೇಲಿನ ಗಾಡಿಗೆ ಅವನಿಗಿಂತ ಚಿಕ್ಕವನೂ ಆಗುತ್ತಾನೆ. ಗಾಲಿ ಕೆಲಸವನ್ನು ಹಗುರ ಮಾಡಿತು, ಹಗುರ ಆದ ಕೆಲಸಕ್ಕೆ ಇನ್ನೂ ಅಗ್ಗದ ಕೈ ಸಿಕ್ಕಿತು.

ಗಾಳಿಬಾಗಿಲು ಕಾಯುವ ಮಕ್ಕಳನ್ನೂ ಮರೆಯಬೇಡಿ. ಗಣಿಯೊಳಗೆ ಗಾಳಿ ಸರಿಯಾದ ದಾರಿಯಲ್ಲಿ ಓಡಬೇಕಾದರೆ ನಡುನಡುವೆ ಬಾಗಿಲು ಹಾಕಿ ಮುಚ್ಚಿಡಬೇಕು. ಗಾಡಿ ಬಂದಾಗ ತೆಗೆಯಬೇಕು, ಹೋದ ಮೇಲೆ ಮುಚ್ಚಬೇಕು. ಮುಚ್ಚುವುದು ಮರೆತರೆ ಕೆಟ್ಟ ಗಾಳಿ ತುಂಬಿ ಸ್ಫೋಟ ಆಗಬಹುದು. ಅಂಥ ಕೆಲಸಕ್ಕೆ ಅತಿ ಚಿಕ್ಕ ಮಕ್ಕಳನ್ನು ಕೂರಿಸುತ್ತಿದ್ದರು. ಗಾಡಿ ಜಾಸ್ತಿ ಓಡಿದಷ್ಟೂ ಬಾಗಿಲ ಕೆಲಸ ಜಾಸ್ತಿ.

ಯಾರ್ಕ್‌ಷೈರ್ ಕನ್ನಡತಿ:
ಅವರಲ್ಲಿ ಒಬ್ಬಳು ಸಾರಾ ಗೂಡರ್, ಎಂಟು ವರ್ಷ. ಬೆಳಗಿನ ಜಾವ ನಾಲ್ಕಕ್ಕೆ, ಕೆಲವೊಮ್ಮೆ ಮೂರೂವರೆಗೇ ಇಳಿಯುತ್ತಿದ್ದಳು, ಸಂಜೆ ಐದು ಐದೂವರೆಗೆ ಹೊರಗೆ. ಕೆಲಸದಿಂದ ಆಯಾಸ ಆಗುವುದಿಲ್ಲ, ಆದರೆ ಕತ್ತಲಲ್ಲಿ ಕೂರಬೇಕು, ಹೆದರಿಕೆ ಆಗುತ್ತದೆ ಅಂತ ಅವಳೇ ಹೇಳಿದ್ದಾಳೆ. ಬೆಳಕಿದ್ದಾಗ ಹಾಡು ಹೇಳಿಕೊಳ್ಳುತ್ತಾಳೆ, ಕತ್ತಲಲ್ಲಿ ಹಾಡಲು ಧೈರ್ಯ ಇಲ್ಲ. ಅವಳ ಕಷ್ಟಕ್ಕೆ ಯಾವ ಗಾಲಿ ಹಾಕೋಣ ಹೇಳಿ?

ತಳ್ಳುಗಾಡಿ:
ಅಕ್ಕಾ, ಆ ಹೇಳಿಕೆ ಓದಿ ನಾನೂ ಮುಂದೆ ಓದಲಾಗದೆ ಪುಸ್ತಕ ಮುಚ್ಚಿಟ್ಟಿದ್ದೆ.

ಆದರೂ ನನ್ನ ಮೂಲ ಆಸೆ ಬಿಡಲು ಮನಸ್ಸಿಲ್ಲ. ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ಗಳು ಕಾರಿನ ಅಡಿಗೆ ನುಸುಳಲು ಗಾಲಿ ಹಾಕಿದ ಹಲಗೆಯ ಮೇಲೆ ಮಲಗುತ್ತಾರಲ್ಲ, ಅಂಥದ್ದು ಆ ತೆವಳುವ ಮಕ್ಕಳಿಗೆ ಸಿಕ್ಕಿದ್ದರೆ? ಮಂಡಿ, ಅಂಗೈ ತರಚುವುದಾದರೂ ತಪ್ಪುತ್ತಿರಲಿಲ್ವಾ? ಹತ್ತಿ ಗಿರಣಿಗಳಲ್ಲಿ ಯಂತ್ರದ ಅಡಿಗೆ ತೆವಳಿ ಹತ್ತಿ ಚೂರು ಬಳಿಯುತ್ತಿದ್ದ ಮಕ್ಕಳಿಗೂ ಆಗುತ್ತಿತ್ತೇನೋ.

ಗಣಿಯವ:
ಗಣಿಯಲ್ಲಿ ಆಗದು. ಗ್ಯಾರೇಜಿನ ನೆಲ ನುಣ್ಣಗಿರುತ್ತದೆ. ಇದ್ದಲು ಚೂರು ಬಿದ್ದ ನೆಲದಲ್ಲಿ ಆ ಚಿಕ್ಕ ಗಾಲಿ ಒಂದು ಗಜವೂ ಓಡುವುದಿಲ್ಲ. ಅಲ್ಲದೆ ಮಲಗಿದ ಮಗು ಎಳೆಯುವುದು ಹೇಗೆ? ಎಳೆಯಲು ಕಾಲು ನೆಲಕ್ಕೆ ಒತ್ತಲೇಬೇಕು. ಅದರ ಬದಲು ಮಂಡಿಗೆ ದಪ್ಪ ಚರ್ಮದ ಪಟ್ಟಿ ಕೊಟ್ಟಿದ್ದರೆ ಉಪಯೋಗ ಆಗುತ್ತಿತ್ತು.

ಕಡಿದಾದ, ತೆಳು ಪದರಗಳಲ್ಲಿ ಗಾಲಿಯನ್ನೇ ಬಿಟ್ಟ ಉದಾಹರಣೆಯೂ ಇದೆ. ಇಂಗ್ಲೆಂಡಿನ ಸಾಮರ್‌ಸೆಟ್ ಕಡೆ ಪದರಗಳು ಮುರಿದು ಮಡಚಿಕೊಂಡಿವೆ. ಅಲ್ಲಿ ಹುಡುಗರು ಸೊಂಟಕ್ಕೆ ಹಗ್ಗ, ಕಾಲ ಮಧ್ಯೆ ಸರಪಳಿ ಹಾಕಿಕೊಂಡು ಜಾರುವ ಪೆಟ್ಟಿಗೆ ಎಳೆಯುವುದು 1940ರ ದಶಕದವರೆಗೂ ಇತ್ತು.

ಧಾರವಾಡ ಮಾಸ್ತರ:
ಗಿರಣಿಯ ಮಕ್ಕಳ ಅಪಾಯ ತೆವಳುವುದರಲ್ಲಿ ಇರಲಿಲ್ಲ, ಯಂತ್ರ ನಿಲ್ಲಿಸದೆ ತೆವಳಿಸುವುದರಲ್ಲಿ ಇತ್ತು. ನೂಲುವ ಯಂತ್ರದ ಮುಂಭಾಗ ತಾನೇ ಗಾಲಿಯ ಮೇಲೆ ಹಿಂದೆ ಮುಂದೆ ಓಡುತ್ತಿತ್ತು, ಮಗು ಅದರ ಅಡಿಯಲ್ಲಿ. ಅದು ವಾಪಸ್ ಬರುವಷ್ಟರಲ್ಲಿ ಹೊರಗೆ ಬರಬೇಕು. ನಿಲ್ಲಿಸಿದರೆ ನೂಲು ನಷ್ಟ. ಆಮೇಲೆ 1844ರ ಫ್ಯಾಕ್ಟರಿ ಕಾಯ್ದೆ ಅಂಥ ಯಂತ್ರ ಓಡುತ್ತಿರುವಾಗ ಅದರ ನಡುವೆ ಮಕ್ಕಳು ಕೆಲಸ ಮಾಡಬಾರದು ಅಂತ ಹೇಳಿತು. ನೋಡಿ, ಅಲ್ಲಿ ಬೇಕಾಗಿದ್ದದ್ದು ಹೊಸ ಸಲಕರಣೆ ಅಲ್ಲ, ಐದು ನಿಮಿಷ ಯಂತ್ರ ನಿಲ್ಲಿಸುವ ಮನಸ್ಸು. ಅದು ತಾನಾಗಿ ಬರಲಿಲ್ಲ.

ಇನ್ನು ಇಟ್ಟಿಗೆ ಅಂಗಳಗಳು. ನಿಮ್ಮ ತಳ್ಳುಗಾಡಿ ಪೂರಾ ಕೆಲಸಕ್ಕೆ ಬರಬಹುದಾಗಿದ್ದ ಜಾಗ ಅಂದರೆ ಅದೇ. ಅದು ಬಯಲು, ತಗ್ಗಿದ ಚಾವಣಿ ಇಲ್ಲ, ತೆಳು ಪದರ ಇಲ್ಲ, ಎರಡು ಹಲಗೆ ಹಾಕಿದರೆ ದಾರಿ. ಆದರೂ ಜಾರ್ಜ್ ಸ್ಮಿತ್ ಅನ್ನೋ ಹುಡುಗ ಒಂಬತ್ತನೇ ವಯಸ್ಸಿನಲ್ಲಿ 40 ಪೌಂಡ್, ಅಂದರೆ 18 ಕೆಜಿ ಹಸಿ ಜೇಡಿಯನ್ನು ತಲೆ ಮೇಲೆ ಇಟ್ಟುಕೊಂಡು ದಿನಕ್ಕೆ 13 ಗಂಟೆ ಓಡಾಡಿದ. ಅವನು ಹುಟ್ಟಿದ್ದು 1831ರಲ್ಲಿ. ದೊಡ್ಡವನಾಗಿ ಇಟ್ಟಿಗೆ ಅಂಗಳದ ಮ್ಯಾನೇಜರ್ ಆದ, ಆ ಮಕ್ಕಳ ಪರ ಹೋರಾಡಿದ, 1871ರಲ್ಲಿ ಕಾಯ್ದೆ ತರಿಸಿದ. ಹತ್ತು ವರ್ಷದೊಳಗಿನ ಗಂಡುಮಕ್ಕಳು, ಹದಿನಾರರೊಳಗಿನ ಹೆಣ್ಣುಮಕ್ಕಳು ಇಟ್ಟಿಗೆ ಅಂಗಳದಲ್ಲಿ ದುಡಿಯಬಾರದು. ಅವನ ಬಾಲ್ಯಕ್ಕೂ ಈ ಕಾಯ್ದೆಗೂ ನಡುವೆ 30 ವರ್ಷ. ಅಷ್ಟು ವರ್ಷವೂ ತಳ್ಳುಗಾಡಿ ಅಲ್ಲೇ ಇತ್ತು.

ಗೂಡಿನ ಹುಡುಗ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇಟ್ಟಿಗೆ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಇಟ್ಟಿಗೆ ಗೂಡಿನ ಪಕ್ಕದ ಗುಡಿಸಲಿನಲ್ಲಿ. ಅಪ್ಪ ಅವ್ವ ಮುಂಗಡ ತಗೊಂಡು ಬರುತ್ತಿದ್ದರು, ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ. ನಮ್ಮನ್ನು ಯಾರೂ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ರಿಜಿಸ್ಟರ್‌ನಲ್ಲಿ ನಮ್ಮ ಹೆಸರೇ ಇರಲಿಲ್ಲ. ಆದರೆ ಸಾವಿರ ಬೇಗ ತುಂಬಬೇಕಲ್ಲ, ಅದಕ್ಕೆ ನಾವೂ ಹಸಿ ಇಟ್ಟಿಗೆ ಮಗುಚಿ ಹಾಕುತ್ತಿದ್ದೆವು, ಒಣಗಿದ್ದನ್ನು ಜೋಡಿಸುತ್ತಿದ್ದೆವು. ಮಾಸ್ತರು ಹೇಳಿದ ಯಾರ್ಕ್‌ಷೈರ್ ಲೆಕ್ಕ ಇದೇ ಲೆಕ್ಕ. ಮಾಲೀಕರು ಮಗುವಿಗೆ ಕೆಲಸ ಮಾಡು ಅನ್ನಬೇಕಾಗಿಯೇ ಇಲ್ಲ. ಕೂಲಿಯ ದರವೇ ಹೇಳುತ್ತದೆ.

ಒಂದು ವರ್ಷ ಒಂಟಿ ಗಾಲಿಯ ತಳ್ಳುಗಾಡಿ ಬಂತು. ಅವ್ವನ ಕುತ್ತಿಗೆ ನೋವು ನಿಜವಾಗಿ ಕಮ್ಮಿ ಆಯಿತು, ಅದನ್ನು ಹೇಳಲೇಬೇಕು. ತಲೆ ಮೇಲೆ ಸಿಂಬಿ ಇಟ್ಟು ಇಟ್ಟಿಗೆ ಹೊರುವುದಕ್ಕೂ ಗಾಡಿ ತಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಆದರೆ ಖಾಲಿ ಗಾಡಿ ವಾಪಸ್ ತರುವ ಕೆಲಸ ನಮಗೆ ಬಂತು. ಮೊದಲು ನಮ್ಮ ಕೈಲಿ ಹೊರಲು ಆಗದಷ್ಟು ಇಟ್ಟಿಗೆಯನ್ನು ಗಾಡಿಗೆ ಹಾಕಿ ತಳ್ಳಬಹುದು ಅಂತ ಆಯಿತು. ಗಣಿಯವ ಸರ್ ಬರೆದದ್ದು ಓದುವಾಗ ಮೈ ಜುಂ ಅಂತು. ನೂರೆಂಬತ್ತು ವರ್ಷದ ಹಿಂದಿನ ಬೇರೆ ದೇಶದ ಮಾತು, ನನ್ನ ಮಾತೂ ಅದೇ.

ಯಾರ್ಕ್‌ಷೈರ್ ಕನ್ನಡತಿ:
ತಮ್ಮಾ, ಬರೆದದ್ದು ಬಹಳ ಒಳ್ಳೆಯದಾಯಿತು. ಇದು ಪುಸ್ತಕದಲ್ಲಿ ಸಿಗುವುದಿಲ್ಲ.

ಈಶಾನ್ಯದವ:
ಮೇಘಾಲಯದಲ್ಲಿ ಕೆಲಸದ ಮೇಲೆ ಕೆಲವು ವರ್ಷ ಇದ್ದೆ. ಜೈಂತಿಯಾ ಬೆಟ್ಟಗಳಲ್ಲಿ ಇಲಿಬಿಲದ ಗಣಿ ಅನ್ನುತ್ತಾರಲ್ಲ, ಎರಡು ಮೂರು ಅಡಿ ಎತ್ತರದ ಸುರಂಗಗಳು. ಅಲ್ಲಿ ಇದ್ದಲನ್ನು ಹೊರಗೆ ತರುವುದು ಸಣ್ಣ ಗಾಲಿ ಗಾಡಿಯಲ್ಲೇ. ಗಾಲಿ ಇದೆ, ಟಾರ್ಚ್ ಇದೆ. ಆದರೂ ಆ ಬಿಲಗಳಲ್ಲಿ ಮಕ್ಕಳು ದುಡಿಯುತ್ತಿದ್ದಾರೆ ಅಂತ ದೇಶಕ್ಕೆಲ್ಲ ಸುದ್ದಿ ಆಯಿತು. 2014ರಲ್ಲಿ ಹಸಿರು ನ್ಯಾಯಮಂಡಳಿ ನಿಷೇಧ ಹಾಕಿತು. 2018ರ ಡಿಸೆಂಬರ್‌ನಲ್ಲಿ ಕ್ಸಾನ್ ಅನ್ನೋ ಕಡೆ ನೀರು ನುಗ್ಗಿ 15 ಜನ ಒಳಗೆ ಸಿಕ್ಕಿಹಾಕಿಕೊಂಡರು, ಅಂದರೆ ನಿಷೇಧದ ನಂತರವೂ ಗಣಿ ನಡೆಯುತ್ತಿತ್ತು. ಸುರಂಗ ದೊಡ್ಡದು ಮಾಡಲು ಹಣ ಬೇಕು, ಚಿಕ್ಕ ಮೈಯವರು ಸಿಕ್ಕಿದರೆ ಬೇಡ. ನೀವೆಲ್ಲ ಹೇಳುತ್ತಿರುವುದೂ ಅದೇ ತಾನೇ.

ಲೆಕ್ಕಪತ್ರ:
ಗೂಡಿನ ಹುಡುಗ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಒಂದು ಪ್ರಶ್ನೆ ಮಾತ್ರ ಉಳಿದಿದೆ, ಯಾರಾದರೂ ಹೇಳಿ. 1842ರಲ್ಲಿ ಕಾನೂನು ಬಂದ ಮೇಲೆ ಏನಾಯಿತು? ಮಕ್ಕಳನ್ನು ತೆಗೆದರೆ ತೆಳು ಪದರದ ಗಣಿ ಮುಚ್ಚಬೇಕಾಗುತ್ತದೆ, ಇದ್ದಲಿನ ಬೆಲೆ ಏರುತ್ತದೆ ಅಂತ ಮಾಲೀಕರು ಹೇಳಿದ್ದರಲ್ಲ? ಅದು ನಿಜ ಆಯಿತಾ?

ಧಾರವಾಡ ಮಾಸ್ತರ:
ಇದಕ್ಕೆ ಉತ್ತರ ಆ ವರದಿಯಲ್ಲೇ ಇದೆ, ಕಾನೂನಿಗೂ ಮುಂಚೆ. ಎಡಿನ್‌ಬರೋ ಹತ್ತಿರ ಡಾಲ್ಕೀತ್‌ನಲ್ಲಿ ಬಕ್ಲೂ ಡ್ಯೂಕನ ಗಣಿಗಳಿದ್ದವು. ಅಲ್ಲಿ ಹೆಂಗಸರನ್ನೂ ಚಿಕ್ಕ ಮಕ್ಕಳನ್ನೂ ಆಗಲೇ ಹೊರಗಿಟ್ಟಿದ್ದರು. ಅದರ ಮ್ಯಾನೇಜರ್ ಜೇಮ್ಸ್ ರೈಟ್ ಹೇಳಿಕೆ ಕೊಟ್ಟ. ಇವರನ್ನು ಹೊರಗಿಟ್ಟರೆ ಮಾಲೀಕರು ಗಣಿಯ ವ್ಯವಸ್ಥೆಯನ್ನೇ ಬದಲಿಸಲೇಬೇಕಾಗುತ್ತದೆ, ಗಾಳಿ ಚೆನ್ನಾಗಿ ಬರುವ ಹಾಗೆ ಮಾಡುತ್ತಾರೆ, ದಾರಿ ಒಳ್ಳೆಯದು ಮಾಡುತ್ತಾರೆ ಅಂತ. ತಮ್ಮ ಗಣಿಯಲ್ಲಿ ಅದಕ್ಕಾಗಿ ಇದ್ದಲಿನ ಬೆಲೆ ಏರಿಸಬೇಕಾಗಿ ಬರಲಿಲ್ಲ ಅಂತಲೂ ಹೇಳಿದ.

ಒಳ್ಳೆಯ ದಾರಿ ಇದ್ದರೆ ಮಗುವಿನ ಕಷ್ಟ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಮ್ಯಾನೇಜರ್ ಕಂಡದ್ದು ತಿರುಗುಮುರುಗು. ಮೊದಲು ಮಗು ಹೊರಗೆ ಹೋಗಬೇಕು, ಆಗ ಒಳ್ಳೆಯ ದಾರಿ ಬರುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಅದೇ.

ಗಣಿಯವ:
ಹೌದು. ಕಾಯ್ದೆ ಬಂದ ಮೇಲೆ ಶೆಟ್‌ಲ್ಯಾಂಡ್ ದ್ವೀಪಗಳಿಂದ ಗಿಡ್ಡ ತಟ್ಟು ಕುದುರೆಗಳನ್ನು ಹಡಗಿನಲ್ಲಿ ತಂದು ಗಣಿಗೆ ಇಳಿಸಿದರು. ತಟ್ಟು ನಡೆಯಬೇಕಾದರೆ ದಾರಿ ಎತ್ತರ ಇರಬೇಕು, ನೆಲ ಒಣಗಿರಬೇಕು, ಹಳಿ ಇರಬೇಕು. ಮಗುವಿಗೆ ಒಡೆಯದ ಕಲ್ಲನ್ನು ಕುದುರೆಗೆ ಒಡೆದರು. ಯಾಕೆ ಅಂದರೆ ಕುದುರೆಗೆ ಮಾಲೀಕನೇ ದುಡ್ಡು ಕೊಟ್ಟಿರುತ್ತಾನೆ, ಅದು ಸತ್ತರೆ ನಷ್ಟ ಅವನದೇ. 1913ರ ಹೊತ್ತಿಗೆ ಬ್ರಿಟನ್ನಿನ ಗಣಿಗಳಲ್ಲಿ ಸುಮಾರು 70,000 ಕುದುರೆಗಳಿದ್ದವು. ಅವನ್ನು ನಡೆಸುವ ಕೆಲಸಕ್ಕೆ ಮತ್ತೆ ಹುಡುಗರೇ, ಆದರೆ ಆರು ಎಂಟು ವರ್ಷದವರಲ್ಲ.

ಯಾರ್ಕ್‌ಷೈರ್ ಕನ್ನಡತಿ:
ಕಾನೂನು ಬಂದದ್ದು ಹೇಗೆ ಅಂತಲೂ ಹೇಳಬೇಕು. ನನ್ನ ಮನೆಯಿಂದ ದೂರವಿಲ್ಲದ ಸಿಲ್ಕ್‌ಸ್ಟೋನ್ ಅನ್ನೋ ಹಳ್ಳಿಯಲ್ಲಿ 1838ರ ಜುಲೈ 4ರಂದು ಜೋರು ಮಳೆ ಸುರಿಯಿತು. ಮೇಲಿನ ಎಂಜಿನ್‌ನ ಬೆಂಕಿ ನಂದಿತು, ಜನರನ್ನು ಎತ್ತಲು ಆಗಲಿಲ್ಲ. ಮಕ್ಕಳು ಹೊರಗೆ ಹೋಗುವ ಇನ್ನೊಂದು ಇಳಿಜಾರು ದಾರಿ ಹಿಡಿದರು. ಹಳ್ಳದ ನೀರು ಆ ದಾರಿಯೊಳಗೆ ನುಗ್ಗಿತು, ಮಕ್ಕಳು ಗಾಳಿಬಾಗಿಲಿಗೆ ಸಿಕ್ಕಿಹಾಕಿಕೊಂಡರು. 26 ಮಕ್ಕಳು ಸತ್ತರು. 11 ಹುಡುಗಿಯರು, 15 ಹುಡುಗರು. ಚರ್ಚಿನ ಅಂಗಳದಲ್ಲಿ ಕಲ್ಲು ಇದೆ, ಎಲ್ಲರ ಹೆಸರು, ವಯಸ್ಸು ಕೆತ್ತಿದ್ದಾರೆ.

1840ರಲ್ಲಿ ಆಯೋಗ ಕೂತಿತು, 1842ರ ಆಗಸ್ಟ್ 10ಕ್ಕೆ ಕಾಯ್ದೆ ಆಯಿತು. ಹೆಣ್ಣುಮಕ್ಕಳು ಯಾವ ವಯಸ್ಸಿನವರೂ ನೆಲದ ಕೆಳಗೆ ದುಡಿಯುವಂತಿಲ್ಲ, ಹತ್ತು ವರ್ಷದೊಳಗಿನ ಗಂಡುಮಕ್ಕಳೂ ಇಲ್ಲ. ಮಸೂದೆ ತಂದ ಆ್ಯಶ್ಲಿ 13 ವರ್ಷ ಅಂತ ಕೇಳಿದ್ದರು. ಸಂಸತ್ತಿನಲ್ಲಿ ಗಣಿ ಮಾಲೀಕರ ಪರದವರು ಹಗ್ಗಜಗ್ಗಾಟ ಮಾಡಿ ಹತ್ತಕ್ಕೆ ಇಳಿಸಿದರು.

ಇದರ ಇನ್ನೊಂದು ಮುಖವನ್ನೂ ಬರೆಯದೆ ಇರಲಾರೆ. ಕೆಲಸ ಕಳೆದುಕೊಂಡ ಹೆಂಗಸರಿಗೆ ಪರಿಹಾರ ಏನೂ ಕೊಡಲಿಲ್ಲ. ಕೆಲವರು ಗಂಡಸರ ಬಟ್ಟೆ ಹಾಕಿಕೊಂಡು ಕದ್ದು ಇಳಿಯುತ್ತಿದ್ದರು, ಹೊಟ್ಟೆ ತುಂಬಬೇಕಲ್ಲ. ಇಡೀ ದೇಶಕ್ಕೆ ಒಬ್ಬನೇ ಅಧಿಕಾರಿ, ಟ್ರೆಮನ್‌ಹಿಯರ್ ಅಂತ. ಒಬ್ಬ ಎಷ್ಟು ಗಣಿ ನೋಡಿಯಾನು? ಮಕ್ಕಳನ್ನು ಹೊರಗೆ ತರುವವರು ಆ ಮನೆಯ ಒಲೆಗೂ ದಾರಿ ಮಾಡಬೇಕು, ಇಲ್ಲದಿದ್ದರೆ ಮಗು ಬೇರೆ ಯಾವುದೋ ಕೆಲಸಕ್ಕೆ ಹೋಗುತ್ತದೆ.

ತಳ್ಳುಗಾಡಿ:
ಎಲ್ಲರಿಗೂ ಕೈಮುಗಿದೆ. ಗೂಡಿನ ಹುಡುಗ, ನಿಮ್ಮನ್ನೇ ಒಂದು ಕೇಳಬೇಕು. ನಮ್ಮ ಕಡೆಯ ಗೂಡುಗಳಿಗೆ ನಾವು ನಾಲ್ಕು ಜನ ದುಡ್ಡು ಹಾಕಿ ತಳ್ಳುಗಾಡಿ ಕೊಡಿಸೋಣ ಅಂತ ಇದ್ದೆವು. ಕೊಡಿಸಬೇಕೋ ಬೇಡವೋ?

ಗೂಡಿನ ಹುಡುಗ:
ಕೊಡಿಸಿ. ಹೆಂಗಸರ ಕುತ್ತಿಗೆ, ಬೆನ್ನು ಉಳಿಯುತ್ತದೆ, ಅದೇನು ಸಣ್ಣದಲ್ಲ. ಗಟ್ಟಿ ಟೈರ್ ಇರುವುದು ತಗೊಳ್ಳಿ, ಗಾಳಿ ತುಂಬುವ ಟೈರ್ ಗೂಡಿನ ಹತ್ತಿರ ಬಹಳ ದಿನ ಬಾಳುವುದಿಲ್ಲ, ಚೂರು ಇಟ್ಟಿಗೆ ಚುಚ್ಚುತ್ತದೆ.

ಆದರೆ ಗಾಡಿ ಕೊಡುವ ಮುಂಚೆ ಟೆಂಟ್ ಶಾಲೆಯ ಮಾತು ಮುಗಿಸಿಕೊಳ್ಳಿ, ಕೂಲಿಯವರ ಮಕ್ಕಳಿಗೆ ಗೂಡಿನ ಹತ್ತಿರವೇ ನಡೆಸುವ ಶಾಲೆ ಅದು. ನಮ್ಮ ಗೂಡಿಗೆ ಟೆಂಟ್ ಶಾಲೆ ಬಂದ ಮೇಲೆಯೇ ನಾನು ಇಟ್ಟಿಗೆ ಮಗುಚುವುದು ಬಿಟ್ಟದ್ದು. ಮಧ್ಯಾಹ್ನದ ಊಟ ಅಲ್ಲೇ ಸಿಗುತ್ತಿತ್ತು, ಅದಕ್ಕೇ ಅವ್ವ ಕಳಿಸಿದಳು. ಮಾಲೀಕರ ಹತ್ತಿರ ಮಾತಾಡುವಾಗ ಸಾವಿರಕ್ಕೆ ಎಷ್ಟು ಕೊಡುತ್ತಾರೆ, ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ಮೊದಲು ಕೇಳಿ. ಇಬ್ಬರು ದೊಡ್ಡವರು ದುಡಿದರೆ ಮನೆ ನಡೆಯುವ ದರ ಇದ್ದರೆ ಮಕ್ಕಳು ತಾವಾಗಿ ಶಾಲೆಯಲ್ಲಿರುತ್ತಾರೆ. ಇಲ್ಲದಿದ್ದರೆ ನೀವು ಕೊಟ್ಟ ಗಾಡಿಯನ್ನು ತಳ್ಳುತ್ತಿರುತ್ತಾರೆ.

ಯಾವ ತಾಲ್ಲೂಕು ಅಂತ ನನಗೆ ಮೆಸೇಜ್ ಮಾಡಿ. ಸೀಸನ್ ಶುರುವಾಗುವ ಮೊದಲೇ ಹೋಗಬೇಕು, ಮುಂಗಡ ಕೊಟ್ಟಾದ ಮೇಲೆ ದರದ ಮಾತು ಯಾರೂ ಆಡುವುದಿಲ್ಲ.